ಅಪ್ಪನ ಮಾರುತಿ 800: ಉಳಿಸಿಕೊಳ್ಳಲೇ, ಗುಜರಿಗೆ ಕೊಡಲೇ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಅಪ್ಪ 1997ರಲ್ಲಿ ಹೊಸದಾಗಿ ತಂದ ಬಿಳಿ ಮಾರುತಿ 800 ಇದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಕಾರು ಮನೆ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಆರ್‌ಸಿ ಅವಧಿ 2022ಕ್ಕೇ ಮುಗಿದಿದೆ, ಇನ್ನೂ ಅಪ್ಪನ ಹೆಸರಲ್ಲೇ ಇದೆ. ಗುಜರಿಯವರು 22 ಸಾವಿರ ಕೊಡ್ತೀವಿ ಅನ್ನುತ್ತಾರೆ. ಮಗ ಕೊಟ್ಟುಬಿಡಿ ಅನ್ನುತ್ತಾನೆ, ಅಮ್ಮ ಬೇಡ ಅನ್ನುತ್ತಾರೆ. ಒಂದು ಲಕ್ಷದವರೆಗೆ ಖರ್ಚು ಮಾಡಬಲ್ಲೆ. ಸಾರ್, ನೀವು ಇಷ್ಟೊಂದು ಗಾಡಿ ಇಟ್ಟುಕೊಂಡವರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ: ನಾನಾಗಿದ್ದರೆ ಮೊದಲು ಕಾರಿನ ಹತ್ತಿರ ಹೋಗುತ್ತಿರಲಿಲ್ಲ. ಸಕಲೇಶಪುರ ಪೇಟೆಗೆ ಹೋಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬೊರೇಟರ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಯಾರಿದ್ದಾರೆ ಅಂತ ಹುಡುಕುತ್ತಿದ್ದೆ. ಅಂಥವರು ಒಬ್ಬರು ಸಿಕ್ಕಿದರೆ ಕಾರು ಉಳಿಸಿಕೊಳ್ಳಿ. ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಒಬ್ಬರೂ ಸಿಗದಿದ್ದರೆ, ಎಷ್ಟು ಪ್ರೀತಿ ಇದ್ದರೂ ಆ ಕಾರು ನಿಮ್ಮ ಶೆಡ್ಡಿನಲ್ಲೇ ಕರಗಿ ಹೋಗುತ್ತದೆ.

ಇದು ಪುಸ್ತಕ ಓದಿ ಹೇಳುವ ಮಾತಲ್ಲ. ಹಾಸನದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಇಂಜಿನ್ ಪಾಠ ಮಾಡುತ್ತಾ ಮೂವತ್ತು ವರ್ಷ ಕಳೆದವನು ನಾನು. ಆದರೆ ಈ ಮಾತನ್ನು ನನಗೆ ಕಲಿಸಿದ್ದು ನಾನು ಇಟ್ಟುಕೊಂಡ ಏಳು ಗಾಡಿಗಳು. ಅವುಗಳಲ್ಲಿ ಯಾವುದು ನನ್ನ ಹತ್ತಿರ ಚೆನ್ನಾಗಿ ಬಾಳಿತು, ಯಾವುದು ಬಾಳಲಿಲ್ಲ ಅಂತ ಹೇಳಿದರೆ ನಿಮ್ಮ ಕಾರಿನ ವಿಷಯವೂ ಅರ್ಥವಾಗುತ್ತದೆ.

ಮೊದಲನೆಯದು ಕಾರಲ್ಲ, ಯೆಜ್ಡಿ ಬೈಕು. 1983ರಲ್ಲಿ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಆಗ ಮೈಸೂರಲ್ಲಿ ಯೆಜ್ಡಿ ಅಂದರೆ ಊರಿನ ಮಗು ಇದ್ದ ಹಾಗೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಗಿತ್ತು, ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ್ದರು. ಮೊದಲು ಜಾವಾ, 1973ರಿಂದ ಯೆಜ್ಡಿ. ಗೇರ್ ಹಾಕುವ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಹೊಸಬರು ನೋಡಿ ಬೆರಗಾಗುತ್ತಿದ್ದರು. ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕು. ಆಯಿಲ್ ಜಾಸ್ತಿಯಾದರೆ ಸೈಲೆನ್ಸರ್ ಒಳಗೆ ಮಸಿ ಕಟ್ಟುತ್ತದೆ, ಗಾಡಿ ಎಳೆಯುವುದಿಲ್ಲ. ಅದನ್ನು ಬಿಚ್ಚಿ ಮಸಿ ಕೆರೆಯುವುದು ನನ್ನ ಭಾನುವಾರದ ಕೆಲಸವಾಗಿತ್ತು.

ಆದರೆ ಆ ಗಾಡಿ ಹನ್ನೊಂದು ವರ್ಷ ನನ್ನ ಹತ್ತಿರ ಇದ್ದದ್ದಕ್ಕೆ ಕಾರಣ ನಾನಲ್ಲ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಯೆಜ್ಡಿ ಗೊತ್ತಿದ್ದ ಒಬ್ಬ ಮೇಸ್ತ್ರಿ ಇರುತ್ತಿದ್ದ. ಸ್ಟಾರ್ಟ್ ಮಾಡಿದ ಸದ್ದು ಕೇಳಿಯೇ ಪಾಯಿಂಟ್ ಗ್ಯಾಪ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್‌ಗಳ ನಡುವಿನ ಸಂದು) ಜಾಸ್ತಿಯಾಗಿದೆ ಅನ್ನುವವರು ಅವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಆದರೂ ಇವತ್ತಿಗೂ ಮೈಸೂರಿನಲ್ಲಿ ಯೆಜ್ಡಿಗಳು ಓಡುತ್ತಿವೆ ಅಂದರೆ ಅದು ಆ ಕೈಗಳ ಪುಣ್ಯ.

ಎರಡನೆಯದು ಫಿಯೆಟ್. ಹೆಸರು ಪ್ರೀಮಿಯರ್ ಪದ್ಮಿನಿ ಅಂತ ಬದಲಾಗಿದ್ದರೂ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. 1978ರ ಗಾಡಿ, ನಾನು ತಂದದ್ದು 1988ರಲ್ಲಿ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು, 1089 ಸಿಸಿ ಇಂಜಿನ್. ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ಹಾಗಾಗಿ ಮುಂದೆ ಉದ್ದನೆಯ ಒಂದೇ ಸೀಟು, ಮೂರು ಜನ ಆರಾಮಾಗಿ ಕೂರಬಹುದಿತ್ತು. ಮುಂದಿನ ಬಾಗಿಲಿನ ಮೂಲೆಯಲ್ಲಿ ಒಂದು ಸಣ್ಣ ಮುಕ್ಕೋನದ ಗಾಜು. ಅದನ್ನು ಚಿಲಕ ತೆಗೆದು ಸ್ವಲ್ಪ ತಿರುಗಿಸಿದರೆ ಹೊರಗಿನ ಗಾಳಿ ನೇರವಾಗಿ ಎದೆಗೆ ಬೀಸುತ್ತಿತ್ತು. ಎಸಿ ಇಲ್ಲದ ಕಾಲದಲ್ಲಿ ಅಷ್ಟು ಒಳ್ಳೆಯ ಏರ್ಪಾಡನ್ನು ಮತ್ತೆ ಯಾವ ಕಾರಿನಲ್ಲೂ ನಾನು ನೋಡಲಿಲ್ಲ. ನನ್ನ ತಾಯಿ ಆ ಗಾಜಿನ ಪಕ್ಕದ ಜಾಗ ಬಿಟ್ಟು ಬೇರೆ ಕಡೆ ಕೂರುತ್ತಲೇ ಇರಲಿಲ್ಲ.

1989ರ ಮೇ ತಿಂಗಳು. ಮಂಗಳೂರಿನಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೇವೆ, ಮುಂದೆ ಸರಕು ತುಂಬಿದ ಲಾರಿ, ಸೆಕೆಂಡ್ ಗೇರಿನಲ್ಲೇ ಎಳೆಯುತ್ತಿದ್ದೇನೆ. ಕಾರು ಎರಡು ಸಲ ಜಗ್ಗಿ ನಿಂತುಹೋಯಿತು. ಬಾನೆಟ್ ಎತ್ತಿದರೆ ಕೈ ಇಡಲಾಗದಷ್ಟು ಬಿಸಿ. ಆ ಕಾಲದ ಕಾರ್ಬೊರೇಟರ್ ಗಾಡಿಗಳಿಗೆ ಇದು ಮಾಮೂಲು. ಪೆಟ್ರೋಲ್ ಪಂಪ್ ಇಂಜಿನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಘಾಟಿಯಲ್ಲಿ ನಿಧಾನಕ್ಕೆ ಹತ್ತುವಾಗ ಬಿಸಿ ಏರಿ, ಪೈಪಿನೊಳಗೇ ಪೆಟ್ರೋಲ್ ಕುದ್ದು ಆವಿಯಾಗುತ್ತದೆ. ಪಂಪ್ ದ್ರವವನ್ನು ಎಳೆಯಬಲ್ಲದು, ಆವಿಯ ಗುಳ್ಳೆಯನ್ನು ಎಳೆಯಲಾರದು. ಇದನ್ನೇ ವೇಪರ್ ಲಾಕ್ ಅನ್ನುತ್ತಾರೆ. ಪಾಠದಲ್ಲಿ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಅಂದು ಕಣ್ಣಾರೆ ಕಂಡೆ.

ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದರು. ಒಂದು ಮಾತೂ ಕೇಳಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು, ರಸ್ತೆ ಪಕ್ಕದ ತೊರೆಯಲ್ಲಿ ಅದ್ದಿ, ಹಿಂಡದೆ ಹಾಗೇ ಪಂಪಿಗೆ ಸುತ್ತಿದರು. ಉಸ್ ಅಂತ ಹಬೆ ಎದ್ದಿತು. ಹದಿನೈದು ನಿಮಿಷ ಸುಮ್ನೆ ಇರಿ ಸ್ವಾಮಿ, ಸೆಲ್ಫ್ ಹೊಡೀಬೇಡಿ ಅಂದರು. ಅಮ್ಮ ಮದುವೆ ಮನೆಯಿಂದ ತಂದ ಹೋಳಿಗೆ ಬಿಚ್ಚಿ ಅವರಿಗೂ ಕೊಟ್ಟರು. ಕಾರು ಸ್ಟಾರ್ಟ್ ಆಯಿತು. ಟವಲ್ ವಾಪಸ್ ಕೊಡಲು ಹೋದರೆ, ಮಾರನಹಳ್ಳಿ ದಾಟುವವರೆಗೂ ಅದು ಅಲ್ಲೇ ಇರಲಿ ಅಂದು ಹೊರಟೇಹೋದರು.

ಯಾಕೆ ಇಷ್ಟು ಉದ್ದಕ್ಕೆ ಹೇಳಿದೆ ಅಂದರೆ, ಆ ಕಾಲದಲ್ಲಿ ಫಿಯೆಟ್ ಅಥವಾ ಅಂಬಾಸಿಡರ್ ನಡುರಸ್ತೆಯಲ್ಲಿ ನಿಂತರೆ ದಾರಿಯಲ್ಲಿ ಹೋಗುವ ಯಾರಿಗಾದರೂ ಅದರ ಮದ್ದು ಗೊತ್ತಿರುತ್ತಿತ್ತು. ಹಳೆಯ ಗಾಡಿಗೆ ಬೇಕಾದದ್ದು ಅದೇ. ಬಿಡಿಭಾಗದ್ದೂ ಹಾಗೇ. ಆಗ ಬೆಂಗಳೂರಿನ ಜೆಸಿ ರಸ್ತೆಗೆ ಹೋದರೆ ಫಿಯೆಟ್ಟಿನ ಯಾವ ಸಾಮಾನು ಕೇಳಿದರೂ ಹತ್ತು ನಿಮಿಷದಲ್ಲಿ ಕೌಂಟರ್ ಮೇಲೆ ಬರುತ್ತಿತ್ತು. ಅದಕ್ಕೆ ಮುಖ್ಯ ಕಾರಣ ಮುಂಬೈಯ ಟ್ಯಾಕ್ಸಿಗಳು. ಸಾವಿರಾರು ಟ್ಯಾಕ್ಸಿ ಓಡುತ್ತಿದ್ದರೆ ಸಾಮಾನು ತಯಾರಿಸುವವರೂ ಇರುತ್ತಾರೆ. ಆ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದರ ಆಯುಸ್ಸು 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈಗ ಫಿಯೆಟ್ ಇಟ್ಟುಕೊಂಡ ನನ್ನ ಸ್ನೇಹಿತರು ಒಂದು ಬಾಗಿಲ ಹಿಡಿಗೆ ಮೂರು ಊರು ಸುತ್ತುತ್ತಾರೆ.

ಈ ಲೆಕ್ಕದಲ್ಲಿ ನಿಮ್ಮ 800 ನೋಡಿ. ಅದರ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ ಬರೀ 800ರಲ್ಲಿ ಮಾತ್ರ ಇದ್ದದ್ದಲ್ಲ. ಓಮ್ನಿಯಲ್ಲೂ ಅದೇ ಇಂಜಿನ್. 800 ನಿಂತದ್ದು 2014ರಲ್ಲಿ, ಓಮ್ನಿ 2019ರವರೆಗೂ ಬಂತು. ಹಾಗಾಗಿ ಇಂಜಿನ್ ಕೆಲಸದ ಸಾಮಾನಿಗೆ ನಿಮಗೆ ಇನ್ನೂ ಹಲವು ವರ್ಷ ತೊಂದರೆ ಇಲ್ಲ. ಸಕಲೇಶಪುರದಲ್ಲಿ ಸಿಗದಿದ್ದರೆ ಹಾಸನದಲ್ಲಿ ಸಿಗುತ್ತದೆ. ಕಷ್ಟ ಇರುವುದು ಕಾರಿನ ಬಾಡಿಯ ಸಣ್ಣ ಸಾಮಾನಿನಲ್ಲಿ. ಬಾಗಿಲ ರಬ್ಬರ್ ಬೀಡಿಂಗ್, ಡ್ಯಾಶ್‌ಬೋರ್ಡಿನ ಸ್ವಿಚ್ಚು, ಹಿಂದಿನ ಲೈಟಿನ ಗಾಜು ಇಂಥವು. ಅವು ಎಲ್ಲಾದರೂ ಕಂಡರೆ ಬೇಕೋ ಬೇಡವೋ ತಂದಿಟ್ಟುಕೊಳ್ಳಿ.

ನನ್ನ ಮೂರನೆಯ ಗಾಡಿಯೂ 800ರೇ. 1995ರಲ್ಲಿ ಫಿಯೆಟ್ ಕೊಟ್ಟು ಹೊಸದು ತಂದೆ. ಆ ಕಾರು ನಮ್ಮಂಥವರಿಗೆ ಏನಾಗಿತ್ತು ಅನ್ನುವುದನ್ನು ನಿಮ್ಮ ಮಗನಿಗೆ ಒಮ್ಮೆ ಹೇಳಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ 800ರ ಕೀಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ ಕೊಟ್ಟರು. ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಮಾರಲಿಲ್ಲ. ಆಮೇಲೆ ಅದು ಮನೆ ಮುಂದೆ ನಿಂತು ಹಾಳಾಗುತ್ತಿತ್ತು. ಕೊನೆಗೆ ಕಂಪನಿಯೇ ಸರಿ ಮಾಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿದೆ. ದೇಶದ ಮೊದಲ 800ರ ಗತಿಯೂ ಹಾಗಾಗಿತ್ತು. ಮನೆಯಲ್ಲಿ ಓಡಿಸುವವರು ಹೋದರೆ ಕಾರು ಅನಾಥವಾಗುತ್ತದೆ.

ಅಂಬಾಸಿಡರ್, ಫಿಯೆಟ್ ಓಡಿಸಿದ ಕೈಗೆ 800 ಸಿಕ್ಕಾಗ ಆದ ಆಶ್ಚರ್ಯ ನನಗೆ ಈಗಲೂ ನೆನಪಿದೆ. ಬೆಳಿಗ್ಗೆ ಚಳಿಯಲ್ಲಿ ಚೋಕ್ ಎಳೆದು ಕೀ ತಿರುಗಿಸಿದರೆ ಸಾಕು, ಮೊದಲ ಸಲಕ್ಕೇ ಸ್ಟಾರ್ಟ್. ಸ್ಟೀರಿಂಗ್ ಎರಡು ಬೆರಳಲ್ಲಿ ತಿರುಗುತ್ತಿತ್ತು. ಇಡೀ ಕಾರಿನ ತೂಕ 650 ಕಿಲೋ ಆಸುಪಾಸು ಅಷ್ಟೇ. ಅದಕ್ಕೇ ಸಣ್ಣ ಇಂಜಿನ್ ಆದರೂ ಚುರುಕು. ಕೆಸರಲ್ಲಿ ಸಿಕ್ಕಿಕೊಂಡರೆ ನಾಲ್ಕು ಜನ ಹಿಡಿದು ಎತ್ತಿ ಪಕ್ಕಕ್ಕಿಡುತ್ತಿದ್ದರು. ಸಕಲೇಶಪುರದ ಮಳೆ ನೋಡಿದವರು ನೀವು, ನಿಮ್ಮ ತಂದೆಯವರ ಕಾರಿಗೂ ಹಾಗಾಗಿರುತ್ತೆ ಅಲ್ವಾ?

ಆ ಕಾರಿನ ಜೊತೆ ಒಂದು ನೋಟ್‌ಬುಕ್ ಶುರು ಮಾಡಿದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ತಾರೀಕು, ಕಿಲೋಮೀಟರ್, ಎಷ್ಟು ಲೀಟರ್. ಏನಾದರೂ ಸದ್ದು ಬಂದರೆ ಒಂದು ಸಾಲು. ಮೊನ್ನೆ ತೆಗೆದು ನೋಡಿದೆ. 1998ರ ಜುಲೈ ಪುಟದಲ್ಲಿ ಹೀಗಿದೆ: ಹೊಳೆನರಸೀಪುರ, 18 ಲೀಟರ್, ಎಡ ಮುಂದಿನ ಚಕ್ರ ತಿರುವಿನಲ್ಲಿ ಟಕಟಕ. ಅದರ ಕೆಳಗೆ ಬೇರೆ ಶಾಯಿಯಲ್ಲಿ: ಸಿವಿ ಜಾಯಿಂಟ್, ರಬ್ಬರ್ ಬೂಟ್ ಹರಿದಿತ್ತು. ಅಷ್ಟೇ. ಸಿವಿ ಜಾಯಿಂಟ್ ಅಂದರೆ ಮುಂದಿನ ಚಕ್ರಕ್ಕೆ ಇಂಜಿನ್ ಶಕ್ತಿ ದಾಟಿಸುವ ಕೀಲು, ಬೂಟ್ ಅಂದರೆ ಅದರ ಮೇಲಿನ ರಬ್ಬರ್ ಹೊದಿಕೆ. ಆದರೆ ಅಂಥ ಸಾಲುಗಳಿಂದಲೇ ಆ ಕಾರು ಹನ್ನೆರಡು ವರ್ಷ ನಡುರಸ್ತೆಯಲ್ಲಿ ಒಮ್ಮೆಯೂ ಕೈ ಕೊಡಲಿಲ್ಲ. ಬೂಟ್ ಹರಿದಾಗಲೇ ನೋಡಿದರೆ ಸಣ್ಣ ಖರ್ಚು, ಬಿಟ್ಟರೆ ಇಡೀ ಜಾಯಿಂಟೇ ಹೋಗುತ್ತದೆ.

ನಿಮ್ಮ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲೂ, ತಂದೆಯವರ ಬೀರುವಿನಲ್ಲೂ ಒಮ್ಮೆ ಹುಡುಕಿ. ಆ ತಲೆಮಾರಿನವರು ಸರ್ವಿಸ್ ಬಿಲ್ಲು ಬಿಸಾಡುತ್ತಿರಲಿಲ್ಲ. ಇಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು, ಕ್ಲಚ್ ಪ್ಲೇಟ್ ಯಾವಾಗ ಹಾಕಿಸಿದ್ದು ಅನ್ನುವುದು ಅದರಲ್ಲಿ ಸಿಗುತ್ತದೆ. ಕಾರಿನ ಆರೋಗ್ಯದ ಬಗ್ಗೆ ಅದಕ್ಕಿಂತ ನಂಬಬಹುದಾದ ಸಾಕ್ಷಿ ಬೇರೆ ಇಲ್ಲ.

ಈಗ ಬಾಳದೇ ಹೋದ ಗಾಡಿಯ ವಿಷಯ. 2007ರ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡಿತ್ತು. 800 ಕೊಟ್ಟು, ಒಂದು ದೊಡ್ಡ ಸೆಡಾನ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಕಾರು ಓಡಿಸಲು ಸೊಗಸಾಗಿತ್ತು. ಚನ್ನರಾಯಪಟ್ಟಣದ ನೇರ ರಸ್ತೆಯಲ್ಲಿ ಅಂಟಿಕೊಂಡ ಹಾಗೆ ಹೋಗುತ್ತಿತ್ತು. ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಹಾಸನದಲ್ಲಿ ಅದನ್ನು ಓದುವ ಕಂಪ್ಯೂಟರ್ ಯಾರ ಹತ್ತಿರವೂ ಇರಲಿಲ್ಲ. ಬೆಂಗಳೂರಿಗೆ ಟೋ ಮಾಡಿಸಿದೆ. ಒಂದು ಸೆನ್ಸರ್ ಹೊರದೇಶದಿಂದ ಬರಬೇಕು ಅಂದರು. ಎರಡೂವರೆ ತಿಂಗಳು ಕಾರು ಅಲ್ಲೇ ನಿಂತಿತ್ತು. ನಾನು ಇಂಜಿನ್ ಪಾಠ ಮಾಡುವವನು, ನನ್ನ ಕಾರಿನ ಬಾನೆಟ್ ಎತ್ತಿ ನೋಡಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆ ಬೇಸರ ನನಗೆ ತಡೆಯಲಾಗಲಿಲ್ಲ. ಎರಡೇ ವರ್ಷಕ್ಕೆ ತುಂಬಾ ನಷ್ಟ ಮಾಡಿಕೊಂಡು ಮಾರಿದೆ. ಕಾರು ಕೆಟ್ಟದ್ದಾಗಿರಲಿಲ್ಲ. ನಾನಿದ್ದ ಊರಿಗೆ ಅದು ಹೊಂದುವ ಗಾಡಿಯಾಗಿರಲಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. 2001ರಲ್ಲಿ ತಂಗಿಯ ಮನೆಯವರ ಜೊತೆ ಸೇರಿ ಜಿಪ್ಸಿ ಇಟ್ಟುಕೊಂಡಿದ್ದೆವು, 1298 ಸಿಸಿಯದು. ಮೂಡಿಗೆರೆ ಕಡೆಯ ಕಾಫಿ ತೋಟದ ರಸ್ತೆಗೆ ಅದು ದೇವರು ಕೊಟ್ಟ ಗಾಡಿ. ಹಿಂದೆ ಕೂತವರ ಸೊಂಟದ ಗತಿ ಬೇರೆ ಮಾತು, ಲೀಫ್ ಸ್ಪ್ರಿಂಗ್ ಅಂದರೆ ಹಾಗೇ. ಪೆಟ್ರೋಲ್ ಕುಡಿಯುವುದನ್ನು ನೋಡಿ ನಾಲ್ಕು ವರ್ಷಕ್ಕೆ ಕೊಟ್ಟೆವು. ಆಮೇಲೆ ಬಂದದ್ದು ಕ್ವಾಲಿಸ್. ನಮ್ಮ ಬಿಡದಿಯಲ್ಲೇ ತಯಾರಾದದ್ದು, 2000ದಲ್ಲಿ ಬಂದು 2005ಕ್ಕೆ ನಿಂತಿತು. ಆ 2.4 ಲೀಟರ್ ಡೀಸೆಲ್ ಇಂಜಿನ್ನಿಗೆ ಆಯಿಲ್ ಸರಿಯಾಗಿ ಬದಲಾಯಿಸಿದರೆ ಬೇರೇನೂ ಕೇಳುತ್ತಿರಲಿಲ್ಲ. ಧರ್ಮಸ್ಥಳ, ಶೃಂಗೇರಿ, ಹೊರನಾಡು ಅಂತ ಇಡೀ ಸಂಸಾರ ತುಂಬಿಕೊಂಡು ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ.

ಈಗ ನನ್ನ ಹತ್ತಿರ ಇರುವುದು 2011ರ ಸ್ವಿಫ್ಟ್ ಡೀಸೆಲ್. ಇದನ್ನು ಆರಿಸಿದ್ದು ಸೆಡಾನ್ ಕಲಿಸಿದ ಪಾಠದಿಂದಲೇ. ಇದರ 1248 ಸಿಸಿ ಇಂಜಿನ್ ಮೂಲತಃ ಫಿಯೆಟ್‌ನವರದು. ಮಾರುತಿಯವರ ಸ್ವಿಫ್ಟ್, ಡಿಜೈರ್, ರಿಟ್ಜ್, ಟಾಟಾದವರ ಇಂಡಿಕಾ ವಿಸ್ಟಾ, ಫಿಯೆಟ್‌ನವರ ಪುಂಟೋ, ಲೀನಿಯಾ ಎಲ್ಲಕ್ಕೂ ಇದೇ ಇಂಜಿನ್ ಬರುತ್ತಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿ ನಿಂತರೂ ಇದನ್ನು ಬಿಚ್ಚಿದ ಕೈಯೊಂದು ಸಿಗುತ್ತದೆ. ನೋಡಿ, ಯೆಜ್ಡಿಯಿಂದ ಸ್ವಿಫ್ಟ್‌ವರೆಗೆ ನನ್ನ ಹತ್ತಿರ ಜಾಸ್ತಿ ಕಾಲ ಬಾಳಿದ್ದೆಲ್ಲ ಹತ್ತಿರದಲ್ಲಿ ಮೇಸ್ತ್ರಿ ಇದ್ದ ಗಾಡಿಗಳೇ.

ಈಗ ನಿಮ್ಮ ಶೆಡ್ಡಿಗೆ ಬರೋಣ.

ಮೊದಲು ನೋಡಬೇಕಾದದ್ದು ಇಂಜಿನ್ ಅಲ್ಲ, ತುಕ್ಕು. ಇಂಜಿನ್ ಎಷ್ಟು ಕೆಟ್ಟಿದ್ದರೂ ಸರಿ ಮಾಡಬಹುದು. 800ರಲ್ಲಿ ಬೇರೆ ಚಾಸಿಸ್ ಇರುವುದಿಲ್ಲ, ಬಾಡಿಯೇ ಎಲ್ಲ ಭಾರ ಹೊರುವುದು. ಅದು ತುಕ್ಕು ತಿಂದರೆ ಕಾರು ಮುಗಿದ ಹಾಗೆ. ನಿಮ್ಮ ಶೆಡ್ಡಿನ ನೆಲ ಮಣ್ಣಿನದಾ? ಹಾಗಿದ್ದರೆ ಮಳೆಗಾಲದಲ್ಲಿ ನೆಲದ ತೇವ ಮೂರು ವರ್ಷ ಕೆಳಗಿನಿಂದ ಕೆಲಸ ಮಾಡಿರುತ್ತದೆ. ಒಳಗಿನ ಮ್ಯಾಟ್ ಪೂರ್ತಿ ಎತ್ತಿ. ಸ್ಕ್ರೂ ಡ್ರೈವರ್ ಹಿಡಿಯಿಂದ ಫ್ಲೋರ್ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಒದ್ದೆ ರಟ್ಟಿನ ಹಾಗೆ ದಬ್ ಅನ್ನುತ್ತದೆ. ಹಾಗೇ ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಅಂಚು, ಸ್ಟೆಪ್ನಿ ಇಡುವ ಜಾಗ ನೋಡಿ. ಬಾನೆಟ್ ಒಳಗೆ ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕಾರಿನ ಬಾಡಿಯನ್ನು ಸೇರುವ ಜಾಗ ತುಂಬಾ ಮುಖ್ಯ. ಫ್ಲೋರಿನಲ್ಲಿ ಅಂಗೈ ಅಗಲದ ಒಂದೆರಡು ತೂತು ಇದ್ದರೆ ಹೆದರಬೇಡಿ, ಟಿಂಕರಿಂಗ್ ಮಾಡುವವರು ತಗಡು ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಶಾಕ್ ಅಬ್ಸಾರ್ಬರ್ ಕೂರುವ ಜಾಗವೇ ಕೊಳೆತಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಆ ಕಾರನ್ನು ರಸ್ತೆಗೆ ತರುವುದು ಅಪಾಯ.

ಬಾಡಿ ಗಟ್ಟಿ ಇದ್ದರೆ ಮುಂದಿನ ಮಾತು. ದಯವಿಟ್ಟು ಹೊಸ ಬ್ಯಾಟರಿ ತಂದು ಸೀದಾ ಸೆಲ್ಫ್ ಹೊಡೆಯಬೇಡಿ. ನಿಂತ ಇಂಜಿನ್‌ಗಳು ಹಾಳಾಗುವುದೇ ಆ ಆತುರದಿಂದ. ಮೂರು ವರ್ಷದಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪೂರ್ತಿ ಇಳಿದಿರುತ್ತದೆ. ಒಣಗಿದ ಗೋಡೆಗೆ ಪಿಸ್ಟನ್ ರಿಂಗ್ ಉಜ್ಜಿದರೆ ಗೀರು ಬೀಳುತ್ತದೆ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಮರುದಿನ ಟಾಪ್ ಗೇರಿಗೆ ಹಾಕಿ, ಕಾರನ್ನು ಕೈಯಲ್ಲೇ ನಿಧಾನಕ್ಕೆ ಹಿಂದೆ ಮುಂದೆ ತಳ್ಳಿ. ಇಂಜಿನ್ ಸರಾಗವಾಗಿ ತಿರುಗಿದರೆ ಅರ್ಧ ಗೆದ್ದ ಹಾಗೆ. ಬಾನೆಟ್ ಎತ್ತುವಾಗ ಮಾತ್ರ ಸ್ವಲ್ಪ ಜೋಪಾನ, ಮಲೆನಾಡಿನ ಶೆಡ್ಡಿನಲ್ಲಿ ಒಳಗೆ ಯಾರು ಮನೆ ಮಾಡಿರುತ್ತಾರೋ ಹೇಳಲಾಗದು. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಇರುತ್ತದೆ, ವೈರ್ ಕಡಿದಿರುತ್ತದೆ. ಅದನ್ನೂ ನೋಡಿಯೇ ಬ್ಯಾಟರಿ ಕೂರಿಸಿ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ. ಹಳೆಯ ಪೆಟ್ರೋಲ್ ಅಂಟಂಟಾಗಿ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ. ಈಗ ಬಂಕಿನಲ್ಲಿ ಬರುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ನಿಮ್ಮ ಕಾರು ತಯಾರಾದಾಗ ಇದು ಯಾರ ತಲೆಯಲ್ಲೂ ಇರಲಿಲ್ಲ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಹೋಗುವ ಎಲ್ಲ ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್, ಕಾರ್ಬೊರೇಟರ್ ಕಿಟ್ ಹೊಸದು ಹಾಕಿಸಿ. ಇದರಲ್ಲಿ ಉಳಿತಾಯ ನೋಡಬೇಡಿ. ಹಳೆಯ ಪೈಪಿನಿಂದ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಆಮೇಲೆ ಟ್ಯಾಂಕಿನಲ್ಲಿ ಜಾಸ್ತಿ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವ ಅಭ್ಯಾಸ ಬೇಡ.

ಟೈಮಿಂಗ್ ಬೆಲ್ಟ್ ರಬ್ಬರಿನದು, ಓಡದಿದ್ದರೂ ಮುದಿಯಾಗುತ್ತದೆ. ಬಿಲ್ಲು ಸಿಗದಿದ್ದರೆ ಯೋಚಿಸದೆ ಬದಲಾಯಿಸಿ. ಬ್ರೇಕಿನ ಮಾಸ್ಟರ್ ಸಿಲಿಂಡರ್, ಹಿಂದಿನ ವೀಲ್ ಸಿಲಿಂಡರ್ ಬಿಚ್ಚಿಸಿ ರಬ್ಬರ್ ಹೊಸದು ಹಾಕಿಸಿ, ಬ್ರೇಕ್ ಆಯಿಲ್ ಪೂರ್ತಿ ಹೊಸದಾಗಲಿ. ಟೈರಿನ ಗ್ರಿಪ್ ಸವೆದಿಲ್ಲ, ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2316 ಅಂತಿದ್ದರೆ 2016ನೇ ಇಸವಿಯ 23ನೇ ವಾರ ತಯಾರಾದದ್ದು ಅಂತ ಅರ್ಥ. ಅಷ್ಟು ಹಳೆಯ ಟೈರಿನಲ್ಲಿ ಘಾಟಿ ಇಳಿಯುವುದು ಬೇಡವೇ ಬೇಡ.

ಇಷ್ಟಕ್ಕೂ ನನ್ನ ಅಂದಾಜಿನಲ್ಲಿ, ಟಿಂಕರಿಂಗ್ ಜಾಸ್ತಿ ಇಲ್ಲದಿದ್ದರೆ, 50ರಿಂದ 70 ಸಾವಿರ ಬೇಕು. ಪೂರ್ತಿ ಪೇಂಟಿಂಗ್ ಮಾಡಿಸಿದರೆ ನಿಮ್ಮ ಒಂದು ಲಕ್ಷ ದಾಟುತ್ತದೆ. ಪೇಂಟಿಂಗ್ ಈಗಲೇ ಬೇಡ. ಒಂದು ಮಳೆಗಾಲ ಓಡಿಸಿ, ನೀರು ಎಲ್ಲಿ ಸೋರುತ್ತದೆ ನೋಡಿ, ಆಮೇಲೆ ಮಾಡಿಸಿ.

ಕಾಗದ ಪತ್ರದ ಕೆಲಸ ಗ್ಯಾರೇಜ್ ಕೆಲಸಕ್ಕಿಂತ ನಿಧಾನ. ಮೊದಲು ಆರ್‌ಸಿ ವರ್ಗಾವಣೆ. ಮಾಲೀಕರು ತೀರಿಕೊಂಡರೆ ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31 ಇದೆ. 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕಿತ್ತು, ಅದು ಕಳೆದಿದೆ. ತಡವಾದದ್ದಕ್ಕೆ ದಂಡ ಬೀಳುತ್ತದೆ, ಆದರೆ ದಾರಿ ಮುಚ್ಚಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮನ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಸಿದ್ಧ ಮಾಡಿಕೊಳ್ಳಿ. ನಂತರ ನೋಂದಣಿ ನವೀಕರಣಕ್ಕೆ ನಮೂನೆ 25. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕ 10,000 ರೂಪಾಯಿ ಆಗಿದೆ. ಅವಧಿ ಮುಗಿದ ಮೇಲೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಸೇರುತ್ತದೆ. ಹಸಿರು ತೆರಿಗೆ, ಹೊಗೆ ತಪಾಸಣೆ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇರೆ. ಗಾಡಿಯನ್ನು ಇನ್ಸ್‌ಪೆಕ್ಟರ್ ಮುಂದೆ ತೋರಿಸಬೇಕು, ಹಾಗಾಗಿ ಬ್ರೇಕು, ಲೈಟು, ಹಾರ್ನ್ ಎಲ್ಲ ಸರಿಯಾದ ಮೇಲೆಯೇ ದಿನ ತೆಗೆದುಕೊಳ್ಳಿ. ಇಷ್ಟಾದರೆ ಐದು ವರ್ಷ ನಿಶ್ಚಿಂತೆ. ಹದಿನೈದು ವರ್ಷ ಆದ ಪೆಟ್ರೋಲ್ ಕಾರನ್ನು ಓಡಿಸಬಾರದು ಅಂತ ನಿಮ್ಮ ಮಗ ಎಲ್ಲೋ ಓದಿರಬಹುದು. ಅದು ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕೆ ಬಂದ ಆದೇಶ, ನಮ್ಮ ರಾಜ್ಯಕ್ಕಲ್ಲ. ವಿಂಟೇಜ್ ಅಂತ ನೋಂದಾಯಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು. ನಿಮ್ಮದಕ್ಕೆ ಆ ಯೋಗ 2047ಕ್ಕೆ.

ತುಕ್ಕು ಜಾಸ್ತಿಯಾಗಿ ಬಿಡಲೇಬೇಕು ಅಂತಾದರೆ ಒಂದು ಮಾತು. ಗುಜರಿಯವರಿಗೆ 22 ಸಾವಿರಕ್ಕೆ ಹಾಗೇ ಎತ್ತಿ ಕೊಡಬೇಡಿ. ಆರ್‌ಸಿ ರದ್ದಾಗದೆ ಕಾರು ಎಲ್ಲೋ ಓಡಾಡಿದರೆ, ಏನಾದರೂ ಅಪಘಾತವಾದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ. ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. ಅವರು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿದರೆ ಹೊಸ ಕಾರು ಕೊಳ್ಳುವಾಗ ರಸ್ತೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಆರ್‌ಸಿ ರದ್ದಾಯಿತು ಅನ್ನುವ ಕಾಗದ ಕೈಗೆ ಬರುವವರೆಗೂ ಬಿಡಬೇಡಿ.

ಉಳಿಸಿಕೊಂಡರೆ ಅದನ್ನು ಓಡಿಸಲೇಬೇಕು. ವಾರಕ್ಕೆ ಒಂದು ಸಲ ಇಪ್ಪತ್ತು ಕಿಲೋಮೀಟರ್. ಸುಮ್ನೆ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಸಾಲದು. ಸೈಲೆನ್ಸರ್ ಒಳಗಿನ ನೀರು ಆರಬೇಕಾದರೆ, ಗೇರ್ ಬಾಕ್ಸಿನ ಆಯಿಲ್ ಎಲ್ಲ ಕಡೆ ಹರಡಬೇಕಾದರೆ, ಬ್ರೇಕಿನ ತುಕ್ಕು ಉಜ್ಜಿ ಹೋಗಬೇಕಾದರೆ ಗಾಡಿ ರಸ್ತೆಯಲ್ಲಿ ಬಿಸಿಯಾಗಬೇಕು. ಸಂತೆ ದಿನ ಅಮ್ಮನನ್ನು ಕೂರಿಸಿಕೊಂಡು ಪೇಟೆಗೆ ಹೋಗಿ ಬನ್ನಿ. ಅವರು ಬೇಡ ಅಂದದ್ದು ಯಾಕೆ ಅನ್ನುವುದು ನನಗೆ ಗೊತ್ತು. ನನ್ನ ಫಿಯೆಟ್ ಮಾರಿದ ದಿನ ನನ್ನ ತಾಯಿ ಏನೂ ಮಾತಾಡಲಿಲ್ಲ. ಸಂಜೆ ಹೊತ್ತಿಗೆ ಆ ಮೂಲೆ ಗಾಜು ಹೊಸ ಕಾರಲ್ಲಿ ಇರಲ್ವಾ ಅಂತ ಒಂದೇ ಮಾತು ಕೇಳಿದರು.

ಮಗನಿಗೆ ಒಂದು ಭಾನುವಾರ ಪ್ಲಗ್ ಬಿಚ್ಚಲು ಕೊಡಿ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಪೆಟ್ರೋಲ್ ಸರಿಯಾಗಿ ಉರಿದಿದೆ, ಕಪ್ಪಗೆ ಮಸಿ ಇದ್ದರೆ ಜಾಸ್ತಿ ಹೋಗುತ್ತಿದೆ, ಆಯಿಲ್ ಅಂಟಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ ಅಂತ ತೋರಿಸಿ. ಪಾಲಿಟೆಕ್ನಿಕ್‌ನಲ್ಲಿ ಮೂರು ಪ್ಲಗ್ ಕೈಯಲ್ಲಿ ಹಿಡಿದು ನೋಡಿದ ಹುಡುಗರ ಮುಖ ಬದಲಾಗುವುದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ.

ಈ ವಾರ ಎರಡೇ ಕೆಲಸ ಮಾಡಿ. ಪೇಟೆಯಲ್ಲಿ ಮೇಸ್ತ್ರಿ ಹುಡುಕಿ, ಮ್ಯಾಟ್ ಎತ್ತಿ ಫ್ಲೋರ್ ತಟ್ಟಿ. ಟಣ್ ಅಂತೋ ದಬ್ ಅಂತೋ ನನಗೆ ಬರೆದು ತಿಳಿಸಿ, ಮುಂದಿನದನ್ನು ಅಲ್ಲಿಂದ ಮಾತಾಡೋಣ.